ಕಾರ್ಡ್ ಕೆಟ್ಟಿಲ್ಲ, ಲೆಕ್ಕದ ಪುಸ್ತಕ ಬೇರೆ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯಲ್ಲಿ ಬಯಲಾಟ ರಾತ್ರಿ ಶುರುವಾದರೆ ಮುಗಿಯುವುದು ಬೆಳಗಿನ ಜಾವಕ್ಕೆ. ಈಗ ಅದನ್ನು ಮೊಬೈಲಿನಲ್ಲಿ ಹಿಡಿದಿಡುವವರು ಊರೂರಲ್ಲಿದ್ದಾರೆ. ಕಾರ್ಡಿನಲ್ಲಿ ಬೇಕಾದಷ್ಟು ಜಾಗವಿದ್ದರೂ ಅರ್ಧ ತಾಸಿಗೆ ರೆಕಾರ್ಡಿಂಗ್ ನಿಲ್ಲುತ್ತದೆ, ಇಲ್ಲವೇ ತುಂಡಾಗಿ ಇನ್ನೊಂದು ಫೈಲ್ ಶುರುವಾಗುತ್ತದೆ. ಅದೇ ಕಾರ್ಡನ್ನು ಬೇರೆ ಮೊಬೈಲಿಗೆ ಹಾಕಿದರೆ ‘ಸಪೋರ್ಟ್ ಆಗುತ್ತಿಲ್ಲ, ಫಾರ್ಮ್ಯಾಟ್ ಮಾಡಿ’ ಎನ್ನುತ್ತದೆ. ‘ಕಾರ್ಡ್ ಹೋಗೇತಿ, ಹೊಸಾದು ತಗೋರಿ’ ಎಂಬ ಸಲಹೆಯೂ ಸಿಗುತ್ತದೆ. ಬಹಳ ಸಲ ಕಾರ್ಡಿಗೆ ಏನೂ ಆಗಿರುವುದಿಲ್ಲ.

1953ರಲ್ಲಿ, ಆಗ ಈ ಸೀಮೆಯನ್ನೊಳಗೊಂಡಿದ್ದ ಬಳ್ಳಾರಿ ಜಿಲ್ಲೆಯ ಬಹುಭಾಗ ಮದ್ರಾಸಿನಿಂದ ಬಿಟ್ಟು ಮೈಸೂರಿಗೆ ಸೇರಿದಾಗ ಇಲ್ಲಿನ ಹೊಲಗಳು ಇದ್ದಲ್ಲೇ ಇದ್ದವು, ಬದಲಾದದ್ದು ದಫ್ತರ. ಮದ್ರಾಸ್ ಪದ್ಧತಿಯ ಜಮೀನು ದಾಖಲೆಯಾದ ಅಡಂಗಲ್ ಹೋಗಿ ಕ್ರಮೇಣ ಪಹಣಿ ಬಂತು. ಮೆಮೊರಿ ಕಾರ್ಡಿನ ಚಿಪ್ಪೂ ಹೊಲದಂತೆಯೇ. ಯಾವ ಫೈಲ್ ಎಲ್ಲಿಂದ ಎಲ್ಲಿಯವರೆಗಿದೆ, ಅದರ ಹೆಸರೇನು, ಯಾವ ಜಾಗ ಖಾಲಿ ಎಂದು ಬರೆದಿಡುವ ದಫ್ತರವೇ ಫೈಲ್ ಸಿಸ್ಟಮ್. ಆ ಬರಹದ ಪದ್ಧತಿ ಗೊತ್ತಿಲ್ಲದ ಮೊಬೈಲಿಗೆ ತುಂಬಿದ ಕಾರ್ಡೂ ಬೀಳು ನೆಲವಾಗಿಯೇ ಕಾಣುತ್ತದೆ.

ಎಲ್ಲ ಸಾಧನಗಳೂ ಓದಬಲ್ಲ ಹಳೆಯ ಪದ್ಧತಿ ಎಂದರೆ 1996ರ ಫ್ಯಾಟ್32. ಅದು ಒಂದೊಂದು ಫೈಲಿನ ಗಾತ್ರ ಬರೆಯಲು 32 ಬಿಟ್ ಮಾತ್ರ ಮೀಸಲಿಟ್ಟಿದೆ. ಹಾಗಾಗಿ 4 ಜಿಬಿಗೆ ಒಂದು ಬೈಟ್ ಕಮ್ಮಿ, ಅಂದರೆ 429,49,67,295 ಬೈಟ್ ಮೀರಿದ ಫೈಲನ್ನು ಅದರಲ್ಲಿ ಬರೆಯಲಾಗದು. ಫುಲ್ ಎಚ್‌ಡಿ ವಿಡಿಯೊ ಸೆಕೆಂಡಿಗೆ 17 ಮೆಗಾಬಿಟ್‌ನಂತೆ ದಾಖಲಾದರೆ ಈ ಮಿತಿ ಮುಟ್ಟಲು 34 ನಿಮಿಷವೂ ಬೇಡ. ಬಯಲಾಟ ತುಂಡಾಗುವುದು ಇಲ್ಲಿಯೇ.

2006ರಲ್ಲಿ ಮೈಕ್ರೋಸಾಫ್ಟ್ ತಂದ ಎಕ್ಸ್‌ಫ್ಯಾಟ್‌ನಲ್ಲಿ ಈ ಮಿತಿ ಇಲ್ಲ. 2009ರಲ್ಲಿ, ಮೆಮೊರಿ ಕಾರ್ಡುಗಳ ಮಾನದಂಡ ಗೊತ್ತುಮಾಡುವ ಎಸ್‌ಡಿ ಸಂಘಟನೆ 32 ಜಿಬಿಗಿಂತ ದೊಡ್ಡ ಕಾರ್ಡುಗಳಿಗೆಲ್ಲ ಎಕ್ಸ್‌ಫ್ಯಾಟ್ ಎಂದು ನಿಯಮ ಮಾಡಿತು. ತೊಡಕು ಶುರುವಾದದ್ದೇ ಆಗ. ಆಂಡ್ರಾಯ್ಡ್ ಇರಲಿ, 2017ರ ಜಿಯೋಫೋನಿನ ಕಾಯ್ ಓಎಸ್ ಇರಲಿ, ಒಳಗಿರುವ ತಿರುಳು ಲಿನಕ್ಸ್. ಲಿನಕ್ಸ್ ಯಾರು ಬೇಕಾದರೂ ತಿದ್ದಿ ಹಂಚಬಹುದಾದ ತಂತ್ರಾಂಶ. ಎಕ್ಸ್‌ಫ್ಯಾಟ್ ಆಗ ಪೇಟೆಂಟಿನ ಬೇಲಿಯೊಳಗಿತ್ತು. ಲಿನಕ್ಸ್ ಆಧರಿಸಿ ದಾರಿ ತೋರಿಸುವ ಸಾಧನ ಮಾಡುತ್ತಿದ್ದ ಟಾಮ್‌ಟಾಮ್ ಮೇಲೆ ಮೈಕ್ರೋಸಾಫ್ಟ್ 2009ರಲ್ಲಿ ಹಳೆಯ ಫ್ಯಾಟ್‌ನ ಉದ್ದ ಹೆಸರುಗಳ ವಿಚಾರಕ್ಕೇ ದಾವೆ ಹೂಡಿತ್ತು. ಎಕ್ಸ್‌ಫ್ಯಾಟ್ ಬೇಕೆಂದ ಕಂಪನಿ ಲೈಸೆನ್ಸ್ ಪಡೆದು ಬೇರೆಯಾಗಿ ಸೇರಿಸಬೇಕಿತ್ತು. ಸೇರಿಸದವರ ಮೊಬೈಲಿಗೆ 64 ಜಿಬಿ ಕಾರ್ಡ್ ಓದಲು ಬರಲಿಲ್ಲ. ಒಂದು ನಿಯಮ ಇಡೀ ಜಗತ್ತಿಗೆ ಕಡ್ಡಾಯವಾಗಿ, ಅದನ್ನು ಪಾಲಿಸುವ ಹಕ್ಕು ಮಾತ್ರ ಹಣ ಕೊಟ್ಟವರಿಗೆ ಎನ್ನುವುದು ಅನ್ಯಾಯ. ಆಗಸ್ಟ್ 2019ರಲ್ಲಿ ಮೈಕ್ರೋಸಾಫ್ಟ್ ತಾನೇ ಎಕ್ಸ್‌ಫ್ಯಾಟ್‌ನ ವಿವರ ಬಹಿರಂಗಪಡಿಸಿತು. 2020ರ ಲಿನಕ್ಸ್ 5.7ರಲ್ಲಿ ಎಕ್ಸ್‌ಫ್ಯಾಟ್ ಓದಿ ಬರೆಯಲು ಸ್ಯಾಮ್‌ಸಂಗ್ ಬರೆದ ಪಕ್ಕಾ ಡ್ರೈವರ್ ಸೇರಿತು. ಅದಕ್ಕಿಂತ ಹಳೆಯ ಹಲವು ಮೊಬೈಲುಗಳಲ್ಲಿ ಈ ಗೋಳು ಇನ್ನೂ ಉಳಿದಿದೆ.

ಅಂಗೈಯಲ್ಲಿ ಹಿಡಿಯುವ ಲಿನಕ್ಸ್ ನಮ್ಮ ರಾಜ್ಯಕ್ಕೆ ಹೊಸದಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಅವರು ಎನ್‌ಕೋರ್ ಸಾಫ್ಟ್‌ವೇರ್ ಜೊತೆ ಸೇರಿ ರೂಪಿಸಿದ ಸಿಂಪ್ಯೂಟರ್ 2001ರಲ್ಲೇ ಹೊರಬಂದಿತ್ತು. ಸಾರ್ವಜನಿಕ ವಲಯದ ಬಿಇಎಲ್ ತಯಾರಿಸಿದ ಅಮಿಡಾ ಸಿಂಪ್ಯೂಟರ್ 2004ರಲ್ಲಿ ಮಾರುಕಟ್ಟೆಗೆ ಬಂತು. ಬರಹವನ್ನು ಕನ್ನಡದಲ್ಲಿ ಓದಿ ಹೇಳುವ ‘ಧ್ವನಿ’ ತಂತ್ರಾಂಶ ಹುಟ್ಟಿದ್ದೂ ಅದಕ್ಕಾಗಿ. ನನಗೆ ಅದರಲ್ಲಿ ಬಹಳ ಮೆಚ್ಚುಗೆಯಾದದ್ದು ಸ್ಮಾರ್ಟ್ ಕಾರ್ಡಿನ ಕಲ್ಪನೆ. ಸಾಧನ ಊರಿಗೆಲ್ಲ ಒಂದೇ ಇದ್ದರೂ ನಡೆಯುತ್ತದೆ, ಒಬ್ಬೊಬ್ಬರೂ ತಮ್ಮ ಕಾರ್ಡ್ ತಂದು ಹಾಕಿದರೆ ಅವರವರ ಮಾಹಿತಿ ತೆರೆದುಕೊಳ್ಳುತ್ತದೆ. ಸಾಧನ ಮಾಡಿದವರೇ ಕಾರ್ಡಿನಲ್ಲಿ ಏನನ್ನು ಹೇಗೆ ಬರೆಯಬೇಕೆಂದು ಗೊತ್ತುಮಾಡಬಹುದಾಗಿದ್ದರಿಂದ ಅಲ್ಲಿ ಜಗಳಕ್ಕೆ ಎಡೆಯಿರಲಿಲ್ಲ. ಇವತ್ತಿನ ಕಾರ್ಡಾದರೋ ಯಾರದೋ ಕೈಯಲ್ಲಿ ತಯಾರಾಗಿ, ಯಾವ್ಯಾವುದೋ ಮೊಬೈಲು, ಟ್ರ್ಯಾಕ್ಟರಿನ ಸ್ಪೀಕರು, ಲ್ಯಾಪ್‌ಟಾಪುಗಳೊಳಗೆ ಹೊಕ್ಕು ಬರುತ್ತದೆ.

ಹಾಗಾದರೆ ಲಿನಕ್ಸ್‌ನ ಸ್ವಂತ ಪದ್ಧತಿಯಾದ ಎಕ್ಸ್ಟ್4 ಅನ್ನೇ ಬಳಸಬಾರದೇಕೆ? ಅದು ಗಟ್ಟಿ ಪದ್ಧತಿ. ದಫ್ತರ ತಿದ್ದುವ ಮೊದಲೇ ತಿದ್ದುಪಡಿಯನ್ನು ಪ್ರತ್ಯೇಕವಾಗಿ ಗುರುತು ಹಾಕಿಕೊಳ್ಳುವುದರಿಂದ ನಡುವೆ ಬ್ಯಾಟರಿ ಸತ್ತರೂ ದಫ್ತರ ಹದಗೆಡುವುದು ಕಮ್ಮಿ. ಆದರೆ ವಿಂಡೋಸ್ ಅದನ್ನು ತಾನಾಗಿ ಓದುವುದಿಲ್ಲ. ಮೇಲಾಗಿ ಎಕ್ಸ್ಟ್4 ಪ್ರತಿ ಫೈಲಿಗೂ ಒಡೆಯನ ಸಂಖ್ಯೆ ಬರೆದಿಡುತ್ತದೆ. ಇನ್ನೊಂದು ಸಾಧನದಲ್ಲಿ ಆ ಸಂಖ್ಯೆ ಬೇರೊಬ್ಬರದಾದರೆ ಫೈಲ್ ಕಣ್ಣಿಗೆ ಕಂಡರೂ ತಿದ್ದಲು ಬಿಡುವುದಿಲ್ಲ. ಕನ್ನಡಿಗರಿಗೆ ಇನ್ನೊಂದು ಇಕ್ಕಟ್ಟಿದೆ. ಎಕ್ಸ್ಟ್4ರಲ್ಲಿ ಫೈಲಿನ ಹೆಸರು 255 ಬೈಟ್ ಮೀರುವಂತಿಲ್ಲ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್. ‘ಕೊಟ್ಟೂರೇಶ್ವರ’ ಎಂದರೆ ಕಣ್ಣಿಗೆ ಐದೇ ಅಕ್ಷರ. ಒತ್ತು, ದೀರ್ಘ ಎಲ್ಲ ಬಿಡಿಸಿದರೆ 12 ಚಿಹ್ನೆ, 36 ಬೈಟ್. ಅಂದರೆ ಕನ್ನಡದ ಹೆಸರಿಗೆ 85 ಚಿಹ್ನೆಯೇ ಗಡಿ. ಫ್ಯಾಟ್32, ಎಕ್ಸ್‌ಫ್ಯಾಟ್‌ಗಳು ಬೈಟ್ ಬದಲು ಚಿಹ್ನೆ ಎಣಿಸುವುದರಿಂದ ಅಲ್ಲಿ 255 ಹಿಡಿಸುತ್ತದೆ. ಉದ್ದುದ್ದ ಹೆಸರಿನ ಭಜನೆ ಪದಗಳು ನಕಲಾಗದೆ ಉಳಿದರೆ ಒಮ್ಮೆ ಹೆಸರು ಚಿಕ್ಕದು ಮಾಡಿ ನೋಡಿ.

ಕಾರ್ಡ್ ಹಲವು ಸಾಧನಗಳಿಗೆ ಓಡಾಡಬೇಕಾದರೆ, ಎಲ್ಲವೂ ಹೊಸವಾದರೆ ಎಕ್ಸ್‌ಫ್ಯಾಟ್, ಹಳೆಯದೊಂದು ಇದ್ದರೂ ಫ್ಯಾಟ್32. ಈ ಎರಡಕ್ಕೂ ಎಕ್ಸ್ಟ್4ರ ಮುನ್ನೆಚ್ಚರಿಕೆ ಇಲ್ಲ. ಲಿನಕ್ಸ್ ಬರೆಯಬೇಕಾದ್ದನ್ನು ಅರ್ಧ ನಿಮಿಷದಷ್ಟು ತನ್ನ ನೆನಪಿನಲ್ಲೇ ಇಟ್ಟುಕೊಂಡಿರಬಹುದು, ಆದ್ದರಿಂದ ಸೆಟಿಂಗ್ಸ್‌ನಲ್ಲಿ ‘ಎಜೆಕ್ಟ್’ ಒತ್ತದೆ ಕಾರ್ಡ್ ಕೀಳಬೇಡಿ. 2015ರ ಆಂಡ್ರಾಯ್ಡ್ 6ರಿಂದ ಕಾರ್ಡನ್ನು ಮೊಬೈಲಿನ ಒಳಸಂಗ್ರಹವಾಗಿಯೇ ಸೇರಿಸಿಕೊಳ್ಳುವ ಅವಕಾಶವಿದೆ. ಆಗ ಕಾರ್ಡ್ ಗೂಢಲಿಪಿಗೆ ತಿರುಗಿ, ಕೀಲಿ ಆ ಮೊಬೈಲಿನಲ್ಲೇ ಉಳಿಯುತ್ತದೆ. ಮೊಬೈಲ್ ಸತ್ತರೆ ಕಾರ್ಡೂ ಸತ್ತಂತೆ. ಮನೆಮಂದಿಯ ಫೋಟೊ ಇಡುವ ಕಾರ್ಡಿಗೆ ಇದು ಬೇಡವೇ ಬೇಡ.

ಕೈತಪ್ಪಿ ಫಾರ್ಮ್ಯಾಟ್ ಒತ್ತಿಬಿಟ್ಟರೂ ಎದೆಗುಂದಬೇಕಿಲ್ಲ. ಸಾಮಾನ್ಯವಾಗಿ ಅದು ದಫ್ತರವನ್ನಷ್ಟೇ ಹೊಸದಾಗಿ ಬರೆಯುತ್ತದೆ. ಫೋಟೊರೆಕ್ ಎಂಬ ಉಚಿತ ತಂತ್ರಾಂಶ ದಫ್ತರದ ಗೊಡವೆಗೇ ಹೋಗದೆ ಚಿಪ್ಪನ್ನು ಉದ್ದಕ್ಕೂ ಜಾಲಾಡುತ್ತದೆ. ಜೆಪೆಗ್ ಫೋಟೊಗಳೆಲ್ಲ 255, 216, 255 ಎಂಬ ಮೂರು ಬೈಟುಗಳಿಂದಲೇ ಆರಂಭವಾಗುತ್ತವೆ. ಆ ಬೈಟುಗಳು ಕಂಡಲ್ಲಿ ಫೋಟೊ ಇದೆಯೆಂದು ಫೋಟೊರೆಕ್ ಹಿಡಿದು ಎತ್ತಿಕೊಡುತ್ತದೆ. ಚೂರುಚೂರಾಗಿ ಹರಡಿದ ದೊಡ್ಡ ವಿಡಿಯೊಗಳು ಪೂರ್ತಿ ಸಿಗುವುದು ಕಷ್ಟ. ಹೊಸದಾಗಿ ಒಂದು ಸೆಲ್ಫಿ ತೆಗೆದರೂ ಹಳೆಯದೊಂದರ ಮೇಲೆ ಅದು ಕೂರಬಹುದು. ಆದ್ದರಿಂದ ಕಾರ್ಡನ್ನು ಕೂಡಲೇ ಹೊರತೆಗೆದು, ಲ್ಯಾಪ್‌ಟಾಪಿನಲ್ಲಿ ಅದರ ಬೈಟ್ ಬೈಟ್‌ನ ನಕಲು ಮಾಡಿಕೊಂಡು, ಹುಡುಕುವ ಕೆಲಸವನ್ನೆಲ್ಲ ಆ ನಕಲಿನ ಮೇಲೆ ನಡೆಸಿ.