ಹಿಡಕಲ್ ಒಡೆದರೆ ಲೋಳಸೂರಿಗೆ ನೀರು ಎಷ್ಟೊತ್ತಿಗೆ?

ಮಳೆಗಾಲ ಜೋರಾಯಿತೆಂದರೆ ಗೋಕಾಕದ ಚಹಾದಂಗಡಿಗಳಲ್ಲಿ ಒಂದೇ ಮಾತು. “ಹಿಡಕಲ್ದಾಗ ನೀರು ಎಷ್ಟು ಬಂತ್ರೀ? ಗೇಟ್ ಎಷ್ಟು ಎತ್ಯಾರ?” ಇದರ ಬೆನ್ನಿಗೇ ಯಾರೋ ಒಬ್ಬ ಪುಣ್ಯಾತ್ಮ “ಡ್ಯಾಂ ಬಿರುಕು ಬಿಟ್ಟೈತಂತ” ಎಂದು ಗಾಳಿಗೆ ಬಿಡುತ್ತಾನೆ. ಅಲ್ಲಿಗೆ ಹೊಳಿ ದಂಡಿಯ ಮಂದಿಗೆ ರಾತ್ರಿ ನಿದ್ದೆ ಇಲ್ಲ.

ಗಾಳಿಸುದ್ದಿಯ ಮಾತು ಬಿಡಿ. ನಿಜಕ್ಕೂ ಒಡೆದರೆ ನೀರು ಯಾವ ಊರಿಗೆ ಎಷ್ಟು ಹೊತ್ತಿಗೆ, ಎಷ್ಟು ಅಡಿ ಬರುತ್ತದೆ? ಈ ಲೆಕ್ಕವನ್ನು ಇಂದು ಕಂಪ್ಯೂಟರು ಮುಂಚಿತವಾಗಿಯೇ ಹಾಕಿಕೊಡುತ್ತದೆ.

ಹುಕ್ಕೇರಿ ತಾಲೂಕಿನ ಹಿಡಕಲ್‌ನಲ್ಲಿ ಘಟಪ್ರಭೆಗೆ ಕಟ್ಟಿದ ರಾಜಾ ಲಖಮಗೌಡ ಜಲಾಶಯದ ಹೊಟ್ಟೆ 51 ಟಿಎಂಸಿ. ಹತ್ತು ಗೇಟು. ದಿನವಿಡೀ ಒಂದು ಲಕ್ಷ ಕ್ಯೂಸೆಕ್ಸ್ ಬಿಟ್ಟರೂ ತುಂಬಿದ ಡ್ಯಾಂ ಬರಿದಾಗಲು ಹೆಚ್ಚೂಕಡಿಮೆ ಆರು ದಿನ ಬೇಕು. ಕಟ್ಟೆ ಒಡೆದರೆ ಇದೇ ನೀರಿನ ಬಹುಭಾಗ ಕೆಲವೇ ತಾಸುಗಳಲ್ಲಿ ಕೆಳಗಿಳಿಯುತ್ತದೆ. ಗೇಟಿನ ನೀರಿಗೂ ಒಡೆದ ನೀರಿಗೂ ಇರುವ ಅಂತರ ಇಷ್ಟು!

ಇಂಥದ್ದು ಆಗಿಯೇ ಇಲ್ಲ ಎನ್ನುವಂತಿಲ್ಲ. 1961ರ ಜುಲೈ 12ರಂದು ಪಾನಶೇತ ಒಡೆದು ಪುಣೆಯ ಪೇಟೆಗಳು ಮುಳುಗಿದವು. 1979ರ ಆಗಸ್ಟ್ 11ರಂದು ಗುಜರಾತಿನ ಮಚ್ಚು ಡ್ಯಾಂ ಒಡೆದು ಮೋರ್ಬಿ ಊರು ಹಾಳಾಯಿತು, ಸಾವಿರಾರು ಜನ ಸತ್ತರು. ನಮ್ಮದೇ ತುಂಗಭದ್ರೆಯಲ್ಲಿ 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಸರಪಳಿ ಕಡಿದು ಗೇಟೇ ಕೊಚ್ಚಿಹೋಯಿತು. ಕಟ್ಟೆ ಗಟ್ಟಿ ಇತ್ತು, ಪಾರಾದೆವು. ಹರಿಯುವ ನೀರಿನಲ್ಲೇ ತಡೆಹಲಗೆ ಇಳಿಸಿದ ಕೆಲಸಗಾರರಿಗೆ ಎಷ್ಟು ಶಾಭಾಸ್ ಹೇಳಿದರೂ ಕಡಿಮೆಯೇ.

1976ರ ಜೂನ್ 5ರಂದು ಅಮೆರಿಕದ ಟೀಟನ್ ಎಂಬ ಮಣ್ಣಿನ ಡ್ಯಾಂ ಮೊದಲ ಸಲ ತುಂಬುವಾಗಲೇ ಒಡೆಯಿತು. ಅಲ್ಲಿಂದೀಚೆಗೆ ಈ ಕಂಪ್ಯೂಟರ್ ಲೆಕ್ಕಕ್ಕೆ ವೇಗ ಬಂತು. ಈಗ ಅಮೆರಿಕದ ಸೇನಾ ಇಂಜಿನಿಯರುಗಳು ಮಾಡಿದ ಹೆಕ್-ರಾಸ್ ಎಂಬ ಪ್ರೋಗ್ರಾಂ ಯಾರಿಗಾದರೂ ಪುಕ್ಕಟೆ ಸಿಗುತ್ತದೆ.

ಲೆಕ್ಕ ಹೀಗೆ. ಡ್ಯಾಂನಿಂದ ಕೆಳಗೆ ಹೊಳಿಯ ಅಗಲ, ಆಳ, ಇಳಿಜಾರು, ದಂಡಿಯ ಎತ್ತರ ಎಲ್ಲವನ್ನೂ ಕಂಪ್ಯೂಟರಿಗೆ ತುಂಬಬೇಕು. ನೆಲ ನುಣುಪೋ ಒರಟೋ ಅದನ್ನೂ ಹೇಳಬೇಕು. ಬರಿ ಹೊಲದ ಮೇಲೆ ನೀರು ಓಡಿದಂತೆ ಆಳೆತ್ತರದ ಕಬ್ಬಿನೊಳಗೆ ಓಡುವುದಿಲ್ಲವಲ್ಲ! ಆಮೇಲೆ ಕಟ್ಟೆ ಎಷ್ಟು ಅಗಲ ಒಡೆಯಿತು, ಒಡೆಯಲು ಎಷ್ಟು ಹೊತ್ತು ಹಿಡಿಯಿತು ಎಂಬ ಅಂದಾಜು. ಮಣ್ಣಿನ ಏರಿ ಕೊರೆಕೊರೆದು ಒಡೆಯುತ್ತದೆ, ಕಾಂಕ್ರೀಟು ಹೋದರೆ ದಿಢೀರನೆ ಹೋಗುತ್ತದೆ. ಈ ಅಂದಾಜು ತಪ್ಪಿದರೆ ಮುಂದಿನ ಲೆಕ್ಕವೂ ತಪ್ಪು. ಕಂಪ್ಯೂಟರು ಕೊಟ್ಟಿತು ಎಂದು ಕಣ್ಣು ಮುಚ್ಚಿ ನಂಬುವವರು ಇದನ್ನು ಗಮನಿಸಬೇಕು.

ನಮ್ಮ ಹೊಳಿ ಬೇರೆ ಸರಳವಾಗಿಲ್ಲ. ಹಿಡಕಲ್ ಕೆಳಗೆ ಹಿರಣ್ಯಕೇಶಿ ಕೂಡುತ್ತದೆ. ಮುಂದೆ 1897ರಲ್ಲಿ ಮುಗಿದ ಧೂಪದಾಳ ಅಣೆ. ಅದು ದಾಟಿದರೆ ಗೋಕಾಕ ಫಾಲ್ಸ್, ಸುಮಾರು 170 ಅಡಿ ಧುಮುಕು. ಕಮರಿ ಬಿಟ್ಟು ಹೊರಬಿದ್ದ ನೀರಿಗೆ ಗೋಕಾಕ ಊರ ಹತ್ತಿರ ಮಾರ್ಕಂಡೇಯ ಎದುರಾಗುತ್ತಾಳೆ. 2019ರ ಆಗಸ್ಟಿನಲ್ಲಿ ಡ್ಯಾಂ ಏನೂ ಒಡೆದಿರಲಿಲ್ಲ. ಆದರೂ ಲೋಳಸೂರ ಸೇತುವೆ ಮುಳುಗಿತು, ಉಪ್ಪಾರ ಗಲ್ಲಿ, ಕುಂಬಾರ ಗಲ್ಲಿ, ದನದ ಪೇಟೆಗಳ ಮನೆಗಳೊಳಗೆ ನೀರು ನಿಂತಿತು. 2021ರಲ್ಲಿ ಮತ್ತೆ ಅದೇ ಪಾಡು. ಕೆಳಗೆ ಮೂಡಲಗಿ ತಾಲೂಕಿನಲ್ಲಿ ನೆಲ ಸಪಾಟು. ಸುಣಧೋಳಿ, ಅವರಾದಿ ಕಡೆ ನೀರು ವೇಗ ಕಳಕೊಂಡು ಹರಡುತ್ತದೆ, ಇಳಿಯಲು ದಿನಗಟ್ಟಲೆ ತಗೊಳ್ಳುತ್ತದೆ. ಗೋಕಾಕದವರಿಗೆ ಓಡಲು ಹೊತ್ತು ಕಡಿಮೆ. ಮೂಡಲಗಿಯವರಿಗೆ ಹೊತ್ತು ಸಿಕ್ಕೀತು, ಆದರೆ ದನಕರು ಕಟ್ಟಿಕೊಂಡು ಹೋಗುವುದೆಲ್ಲಿಗೆ?

ಬರುವುದು ಬರೇ ನೀರಲ್ಲ ಎಂಬುದು ಇನ್ನೊಂದು ತಾಪತ್ರಯ. ಮಣ್ಣು, ಕಲ್ಲು, ಗಿಡ ಕೂಡಿದರೆ ಅದು ನೀರಿನಂತೆ ಹರಿಯುವುದಿಲ್ಲ, ಗಾರೆಯಂತೆ ಹರಿಯುತ್ತದೆ. 2024ರ ಜುಲೈ 30ರಂದು ವಯನಾಡಿನಲ್ಲಿ ನೋಡಿದ್ದು ಅದನ್ನೇ. ಅದಕ್ಕೆ ಲೆಕ್ಕವೇ ಬೇರೆ. ನಮ್ಮಲ್ಲಿ ಅಂಥ ಗುಡ್ಡವಿಲ್ಲ ಎನ್ನಬಹುದು. ಆದರೆ 2019ರ ಅಕ್ಟೋಬರದಲ್ಲಿ ಗೋಕಾಕದ ಮಲ್ಲಿಕಾರ್ಜುನ ಗುಡ್ಡದ ಬಂಡೆ ಜಾರುತ್ತದೆಂದು ಕೆಳಗಿನ ಮನೆಗಳವರು ಜೀವ ಕೈಯಲ್ಲಿ ಹಿಡಿದು ಕೂತಿದ್ದು ಯಾರಿಗೆ ಮರೆತಿದೆ?

ಈಗ ಮುಖ್ಯ ಮಾತು. ಕೇಂದ್ರದ ಅಣೆಕಟ್ಟು ಸುರಕ್ಷತಾ ಕಾಯ್ದೆ 2021ರ ಡಿಸೆಂಬರ್ 30ರಿಂದ ಜಾರಿಯಲ್ಲಿದೆ. ಇದರಂತೆ ದೊಡ್ಡ ಡ್ಯಾಂ ಉಳ್ಳವರು ಐದು ವರ್ಷದೊಳಗೆ ತುರ್ತು ಕ್ರಿಯಾ ಯೋಜನೆ ಮಾಡಲೇಬೇಕು. ಅದರಲ್ಲಿ ಎಚ್ಚರಿಕೆ ಕೊಡುವ ರೀತಿ, ಮುಳುಗುವ ಜಾಗದ ನಕಾಶೆ ಇರಬೇಕು. ಗಡುವು 2026ರ ಡಿಸೆಂಬರ್ 30. ಹಿಡಕಲ್‌ಗೆ ಕರ್ನಾಟಕ ನೀರಾವರಿ ನಿಗಮ ಹೊಣೆ.

ನಕಾಶೆ ಬೆಂಗಳೂರಿನ ಕಪಾಟಿನಲ್ಲಿ ಇಂಗ್ಲಿಷಿನಲ್ಲಿ ಕೂತರೆ ಲೋಳಸೂರಿನ ಮಂದಿಗೆ ಏನು ಲಾಭ? ಪಂಚಾಯ್ತಿ ಗೋಡೆಯ ಮೇಲೆ ಕನ್ನಡದಲ್ಲಿ ಬರೆಸಲಿ: ನಿಮ್ಮೂರಿಗೆ ನೀರು ಬರಲು ಇಷ್ಟು ತಾಸು, ಏರುವುದು ಇಷ್ಟು ಅಡಿ, ಓಡಬೇಕಾದ ದಿಬ್ಬ ಇಂಥದ್ದು, ರಾತ್ರಿ ಎರಡು ಗಂಟೆಗೆ ಡಂಗುರ ಸಾರುವವ ಇಂಥವ. ಮುಂದಿನ ಗ್ರಾಮಸಭೆಯಲ್ಲಿ ಹೊಳಿ ದಂಡಿಯವರು ಎದ್ದು ನಿಂತು ಇದನ್ನೇ ಕೇಳಬೇಕು.