ಆಸ್ಪತ್ರೆಯಲ್ಲಿ ಓರಣ

ಹೆರಿಗೆಯ ಕಾಲ ಸಮೀಪಿಸಿದಾಗ ಗರ್ಭಕೋಶಕ್ಕೆ ಪ್ರತಿ ನಿಮಿಷವೂ ಸುಮಾರು 500ರಿಂದ 700 ಮಿಲಿಲೀಟರು ರಕ್ತ ಹರಿಯುತ್ತಿರುತ್ತದೆ. ತಾಯಿಯ ದೇಹದಲ್ಲಿರುವ ರಕ್ತವೆಲ್ಲ ಸೇರಿ ಐದಾರು ಲೀಟರು ಮಾತ್ರ. ಮಾಸು ಕಳಚಿಕೊಂಡೊಡನೆ ಗರ್ಭಕೋಶದ ಸ್ನಾಯುಗಳು ಬಿಗಿದುಕೊಂಡು ತೆರೆದ ರಕ್ತನಾಳಗಳನ್ನು ಒತ್ತಿ ಮುಚ್ಚಬೇಕು. ಅವು ಬಿಗಿಯದೆ ಹೋದರೆ ವೈದ್ಯನಿಗೆ ಉಳಿಯುವ ಅವಕಾಶವೆಷ್ಟೆಂಬುದನ್ನು ವಾಚಕರೇ ಲೆಕ್ಕಹಾಕಬಹುದು. ಸ್ನಾಯುಗಳನ್ನು ಬಿಗಿಗೊಳಿಸುವ ಆಕ್ಸಿಟೋಸಿನ್ ಎಂಬ ಔಷಧವೇನೋ ದುಬಾರಿಯದಲ್ಲ. ಆದರೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಇಡದಿದ್ದರೆ ಅದು ಕ್ರಮೇಣ ಸತ್ತ್ವಗುಂದುತ್ತದೆ. ಬಿಸಿಲು ಬೀಳುವ ಕಿಟಕಿಯ ಬಳಿ ಅದನ್ನು ಮರೆತಿದ್ದರೆ, ಅಥವಾ ಬೀರುವಿನ ಬೀಗದ ಕೈ ಯಾರಲ್ಲಿದೆಯೆಂದು ಹುಡುಕಬೇಕಾದರೆ, ಔಷಧವು ಇದ್ದೂ ಇಲ್ಲದಂತೆಯೇ ಸರಿ.

ಹಣದ ಅಭಾವವಿರುವ ಆಸ್ಪತ್ರೆಯೂ ಇಂಥ ಲೋಪವನ್ನು ನೀಗಿಕೊಳ್ಳಬಲ್ಲದೆ? ಕೊಲಂಬೋ ನಗರದ ಕ್ಯಾಸಲ್ ಸ್ಟ್ರೀಟ್ ಮಹಿಳಾ ಆಸ್ಪತ್ರೆ ಸರ್ಕಾರದ ಹೆರಿಗೆ ಆಸ್ಪತ್ರೆ. 2000ದಲ್ಲಿ ಡಾ. ವಿಮಲ್ ಕರಂದಗೊಡ ಅವರ ನಿರ್ದೇಶನದಲ್ಲಿ ಅಲ್ಲಿ ಜಪಾನಿನ ಕಾರ್ಖಾನೆಗಳಲ್ಲಿ ರೂಢಿಯಲ್ಲಿದ್ದ ಕ್ರಮವೊಂದನ್ನು ಅಳವಡಿಸಲಾಯಿತು. ಸೇರಿ, ಸೇಟೋನ್, ಸೇಸೋ, ಸೇಕೆತ್ಸು, ಷಿತ್ಸುಕೆ ಎಂಬ ಐದು ಪದಗಳೂ ರೋಮನ್ ಲಿಪಿಯಲ್ಲಿ ‘ಎಸ್’ ಅಕ್ಷರದಿಂದ ಮೊದಲಾಗುವುದರಿಂದ ಇದಕ್ಕೆ ‘ಐದು ಎಸ್’ ಎಂದು ಹೆಸರು. ಬೇಡವಾದುದನ್ನು ಬೇರ್ಪಡಿಸಿ ತೆಗೆಯುವುದು, ಬೇಕಾದುದಕ್ಕೆ ನಿಶ್ಚಿತ ಸ್ಥಾನ ಕೊಡುವುದು, ಶುಚಿಗೊಳಿಸುವುದು, ಈ ಮೂರನ್ನೂ ನಿಯಮವಾಗಿ ಗೊತ್ತುಪಡಿಸುವುದು, ಕೊನೆಗೆ ಅದನ್ನು ಅಭ್ಯಾಸವಾಗಿಸುವುದು.

ಇದರಲ್ಲಿ ಹೊಸದೇನಿದೆ, ನಮ್ಮ ಅಜ್ಜಿಯರ ಅಡುಗೆಮನೆಯಲ್ಲಿ ಇದೇ ಇರಲಿಲ್ಲವೆ ಎಂದು ಕೆಲವರು ಕೇಳಬಹುದು. ಇತ್ತು. ಆದರೆ ಅಲ್ಲಿ ಸಾಸಿವೆಯ ಡಬ್ಬಿ ಎಲ್ಲಿದೆಯೆಂಬುದು ಅಜ್ಜಿಗೆ ಮಾತ್ರ ಗೊತ್ತು. ಆಸ್ಪತ್ರೆಯಲ್ಲಿ ಪಾಳಿಗಳು ಬದಲಾಗುತ್ತವೆ. ಇಂದೇ ಬಂದ ದಾದಿಗೂ ನಡುರಾತ್ರಿಯಲ್ಲಿ ವಸ್ತು ಕೈಗೆ ಸಿಗಬೇಕು. ಆದುದರಿಂದ ತಟ್ಟೆಯ ಮೇಲೆ ಪ್ರತಿಯೊಂದು ಉಪಕರಣದ ಆಕಾರವನ್ನೂ ಗೆರೆಯಿಂದ ಬರೆದಿಟ್ಟರೆ, ಕತ್ತರಿಯೊಂದು ಇಲ್ಲದಿರುವುದು ಯಾರೂ ಹೇಳದೆಯೇ ಕಾಣುತ್ತದೆ. ಅವಧಿ ಬೇಗ ಮುಗಿಯುವ ಔಷಧವನ್ನು ಮುಂದೆ, ಉಳಿದುದನ್ನು ಹಿಂದೆ ಇಟ್ಟರೆ ವ್ಯರ್ಥವಾಗುವುದು ತಪ್ಪುತ್ತದೆ. ಇದಕ್ಕೆ ತಗಲುವ ವೆಚ್ಚ ಬಣ್ಣ, ಕಾಗದಗಳಷ್ಟೆ.

ಕಠಿನವಾದುದು ಐದನೆಯದು. ಮೇಲಧಿಕಾರಿ ಬರುವ ದಿನ ಮಾತ್ರ ಗುಡಿಸಿ ಸಾರಿಸುವ ಪದ್ಧತಿ ನಮಗೆ ಅಪರಿಚಿತವಲ್ಲ! ಜವಾನನಿಂದ ವೈದ್ಯನವರೆಗೆ ಎಲ್ಲರೂ ಚಿಕ್ಕ ತಂಡಗಳಾಗಿ ಕೂಡಿ, ತಮ್ಮ ಕೋಣೆಯ ಕುಂದನ್ನು ತಾವೇ ಹುಡುಕತೊಡಗಿದಾಗಲೇ ಅಭ್ಯಾಸ ನಿಲ್ಲುತ್ತದೆ.

ಓರಣವೇ ಚಿಕಿತ್ಸೆಯಲ್ಲ, ಅದು ತಳಪಾಯ ಮಾತ್ರ. ಅದರ ಮೇಲೆ ‘ಕೈಜೆನ್’ ಬರುತ್ತದೆ. ಹಾಗೆಂದರೆ ಚಿಕ್ಕಚಿಕ್ಕ ಸುಧಾರಣೆಗಳನ್ನು ಬಿಡದೆ ಮಾಡುತ್ತ ಹೋಗುವುದು. ರಕ್ತಸ್ರಾವ ಕಂಡ ಗಳಿಗೆಗೂ ಚುಚ್ಚುಮದ್ದು ಕೊಟ್ಟ ಗಳಿಗೆಗೂ ನಡುವೆ ಎಷ್ಟು ನಿಮಿಷ ಕಳೆಯಿತೆಂದು ಬರೆದಿಡಬೇಕು. ತಡವಾದುದೇಕೆಂದು ವಿಚಾರಿಸಿ, ಒಂದು ಬದಲಾವಣೆ ಮಾಡಿ, ಮತ್ತೆ ಅಳೆಯಬೇಕು. ಜಪಾನಿನ ಅಂತರರಾಷ್ಟ್ರೀಯ ಸಹಕಾರ ಸಂಸ್ಥೆಯು ಶ್ರೀಲಂಕೆಯ ಈ ಮಾದರಿಯನ್ನು 2007ರಿಂದ ಟಾಂಜಾನಿಯಾ ಮೊದಲಾದ ಆಫ್ರಿಕದ ದೇಶಗಳಿಗೆ ಪರಿಚಯಿಸಿತು. ಕೊಳಾಯಿಯಲ್ಲಿ ನೀರೇ ಬಾರದ, ರಾತ್ರಿಗೆ ಒಬ್ಬಳೇ ದಾದಿಯಿರುವ ಆಸ್ಪತ್ರೆಯ ಕೊರತೆ ಹೆಸರುಚೀಟಿಗಳಿಂದ ತುಂಬುವಂಥದಲ್ಲ, ನಿಜ. ಆದರೆ ನಿಮಿಷಗಳ ಲೆಕ್ಕ ಬರೆದಿಟ್ಟ ಪುಸ್ತಕವೊಂದಿದ್ದರೆ, ಇನ್ನೊಬ್ಬ ದಾದಿ ಏಕೆ ಬೇಕೆಂಬುದನ್ನು ಸರ್ಕಾರದ ಮುಂದೆ ಅಂಕಿಗಳಿಂದಲೇ ತೋರಿಸಬಹುದು.