ಒಂದೇ ಮಾಡು, ಹಲವು ಒಲೆ

ಉಳ್ಳಾಲ ಎಂದೊಡನೆ ನೆನಪಿಗೆ ಬರುವುದು 16ನೇ ಶತಮಾನದಲ್ಲಿ ಪೋರ್ಚುಗೀಸರನ್ನು ಎದುರಿಸಿದ ರಾಣಿ ಅಬ್ಬಕ್ಕ. ಆಕೆಗೆ ಪಟ್ಟ ಬಂದದ್ದು ಸೋದರಮಾವ ತಿರುಮಲರಾಯನಿಂದ. ಚೌಟ ಅರಸರದು ಅಳಿಯಸಂತಾನ ಕಟ್ಟು. ಅಲ್ಲಿ ಕುಟುಂಬ ಬೆಳೆಯುವುದು ಹೆಣ್ಣಿನ ಮೂಲಕ. ತುಳುನಾಡಿನ ದೊಡ್ಡ ಮನೆಗಳು ಎದ್ದ ಬಗೆಯನ್ನೂ ಒಡೆದ ಬಗೆಯನ್ನೂ ತಿಳಿಯಲು ಈ ಕಟ್ಟಿನಿಂದಲೇ ಹೊರಡಬೇಕು.

ಚೌಟರ ಕಾಲದ ಮರಗೆಲಸ ನೋಡಲು ಅವರ ಇನ್ನೊಂದು ನೆಲೆಯಾದ ಮೂಡುಬಿದಿರೆಗೆ ಹೋಗಬೇಕು. ಒಂಬತ್ತು ಸ್ತ್ರೀಯರು ಸೇರಿ ಆನೆಯಾಗುವ ನವನಾರಿ ಕುಂಜರ, ಐವರು ಸೇರಿ ಕುದುರೆಯಾಗುವ ಪಂಚನಾರಿ ತುರಗ ಅಲ್ಲಿನ ಅರಮನೆಯ ಕಂಬಗಳಲ್ಲಿವೆ. ಊರೂರಿನ ಗುತ್ತಿನ ಮನೆಗಳಲ್ಲಿ ಇಷ್ಟು ಕೆತ್ತನೆ ಇರಲಿಕ್ಕಿಲ್ಲ. ಆದರೆ ಕಟ್ಟುವ ಕ್ರಮ ಇದೇ.

ಗೋಡೆ ಮಣ್ಣಿನದು ಅಥವಾ ಮುರಕಲ್ಲಿನದು. ನಡು ಅಂಗಳದ ಸುತ್ತ ಕಲ್ಲಿನ ಬುಡದ ಮೇಲೆ ಮರದ ಕಂಬಗಳು. ತೇವವೂ ಗೆದ್ದಲೂ ಸುಲಭವಾಗಿ ಮೇಲೇರದಿರಲು ಈ ಕಲ್ಲು. ಕಂಬದ ಮೇಲೆ ಬೋದಿಗೆ, ಅದರ ಮೇಲೆ ತೊಲೆ, ಮತ್ತೆ ಪಕ್ಕಾಸು, ರೀಪು. ಒಂದು ಮರದ ನಾಲಗೆಯನ್ನು ಇನ್ನೊಂದರ ತೂತಿಗೆ ಕೂರಿಸಿ ಮರದ ಬೆಣೆ ಹೊಡೆಯುತ್ತಾರೆ. ಮೊದಲು ಮುಳಿಹುಲ್ಲು ಹೊದೆಸುತ್ತಿದ್ದ ಮಾಡಿಗೆ ಹಂಚು ಬಂದದ್ದು, 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ.

ಇಂತಹ ಮನೆ ಒಂದು ಕುಟುಂಬಕ್ಕೆ, ಒಬ್ಬ ಯಜಮಾನನಿಗೆ ಹೊಂದಿದ್ದು. ಹಳೆಯ ಕಟ್ಟಿನಲ್ಲಿ ಎಲ್ಲರ ಒಪ್ಪಿಗೆಯಿಲ್ಲದೆ ಪಾಲು ಕೇಳುವಂತಿರಲಿಲ್ಲ. 1949ರ ಮದರಾಸು ಅಳಿಯಸಂತಾನ ಕಾಯಿದೆ ಪ್ರತಿ ಕವರಿಗೂ, ಎಂದರೆ ತಾಯಿ ಕಡೆಯ ಪ್ರತಿ ಕವಲಿಗೂ, ಆ ಹಕ್ಕು ಕೊಟ್ಟಿತು. ನ್ಯಾಯವಾದದ್ದೇ. 1974ರ ಭೂಸುಧಾರಣೆಯಿಂದ ಗೇಣಿಯ ಭೂಮಿ ಉಳುವವರ ಪಾಲಾಯಿತು, ಅದೂ ನ್ಯಾಯವೇ. ಆದರೆ ಮನೆಯನ್ನು ಸಾಕುತ್ತಿದ್ದ ಅಕ್ಕಿ ನಿಂತಿತು.

ಗದ್ದೆಗೆ ಹುಣಿ ಹಾಕಬಹುದು, ಚಾವಡಿಗೆ ಅಡ್ಡಗೋಡೆಯನ್ನೂ ಕಟ್ಟಬಹುದು. ಮಾಡನ್ನು ಪಾಲು ಮಾಡುವುದು ಹೇಗೆ? ಅಂಗಳದ ಮೂಲೆಯಲ್ಲಿ ಎರಡು ಇಳಿಜಾರುಗಳ ನೀರು ಒಂದೇ ಕಡೆ ಕೂಡುತ್ತದೆ. ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಊರಿನಲ್ಲಿ ಒಬ್ಬ ಪಾಲುದಾರ ತನ್ನ ಬದಿಯ ಒಡೆದ ಹಂಚು ಬದಲಿಸದಿದ್ದರೆ ಕೊಳೆಯುವುದು ಇಬ್ಬರಿಗೂ ಸೇರಿದ ಪಕ್ಕಾಸು. ಒಬ್ಬರು ತಮ್ಮ ಪಾಲಿನ ತೊಲೆ ಮಾರಿದರೆ ಪಕ್ಕದವರ ಮಾಡಿಗೆ ಆಧಾರ ತಪ್ಪುತ್ತದೆ.

ಇದು ನಮ್ಮ ಊರಿನ ಕಥೆ ಮಾತ್ರವಲ್ಲ. ಇಂಗ್ಲೆಂಡಿನಲ್ಲೂ ಓಕ್ ಮರದ ಚೌಕಟ್ಟು ನಿಲ್ಲಿಸಿ, ನಡುವೆ ಹೆಣೆದ ಕಡ್ಡಿಗೆ ಮಣ್ಣು ಮೆತ್ತಿ ಕಟ್ಟಿದ ಹಳೆಯ ದೊಡ್ಡ ಮನೆಗಳಿವೆ. ಎಷ್ಟೋ ಮನೆಗಳು ಮುಂದೆ ಕೂಲಿಕಾರರ ಪುಟ್ಟ ಬಿಡಾರಗಳಾಗಿ ಒಡೆದವು. ಬಿಡಾರಕ್ಕೊಂದು ಬಾಗಿಲು, ಒಂದು ಒಲೆ. ಅಲ್ಲಿನ ತಜ್ಞರು ತೊಲೆಗಳಲ್ಲಿ ಉಳಿದ ಖಾಲಿ ತೂತುಗಳನ್ನು ನೋಡಿ, ಎಲ್ಲಿ ಯಾವ ಗೋಡೆ ಇತ್ತು, ಯಾವುದು ನಂತರದ್ದು ಎಂದು ಗುರುತಿಸುತ್ತಾರೆ. ನಮ್ಮ ತೊಲೆಗಳೂ ಅದೇ ಸಾಕ್ಷಿ ಹೇಳಬಲ್ಲವು, ಮಾರಾಟವಾಗುವ ಮೊದಲು ಓದಿದರೆ.

ಬೆಣೆ ಹೊಡೆದ ಮನೆಯನ್ನು ಬಿಚ್ಚಿ ಮತ್ತೆ ಜೋಡಿಸಲೂ ಬರುತ್ತದೆ. ವಿಜಯನಾಥ ಶೆಣೈಯವರು ಮಣಿಪಾಲದ ಹಸ್ತಶಿಲ್ಪ ಪಾರಂಪರಿಕ ಗ್ರಾಮದಲ್ಲಿ ಹಳೆಯ ಮನೆಗಳನ್ನು ಹಾಗೆ ಉಳಿಸಿದರು. ಆದರೆ ಎಲ್ಲ ಮನೆಗಳನ್ನೂ ಅಲ್ಲಿಗೆ ಒಯ್ಯಲಾಗದು.

ಪಾಲಾದ ಎಷ್ಟೋ ಕುಟುಂಬಗಳು ದೈವದ ಕೋಣೆಯನ್ನೂ ಚಾವಡಿಯನ್ನೂ ಪಾಲಿಗೆ ಹಾಕದೆ, ಎಲ್ಲರೂ ಖರ್ಚು ಹಂಚಿಕೊಂಡು ಉಳಿಸಿಕೊಂಡಿವೆ. ಮಾಡನ್ನೂ ಅದೇ ಪಟ್ಟಿಗೆ ಸೇರಿಸಿದರೆ ಸಾಕು. ಒಲೆ ಬೇರೆಯಾಗಲಿ, ಮಳೆಗಾಲಕ್ಕೆ ಮುಂಚೆ ಹಂಚು ಸರಿಪಡಿಸುವ ಏಣಿ ಒಂದೇ ಇರಲಿ.